ಅಂಗೈಯಗಲದ ಅರಸಾಳು

ಅರುವತ್ತು ದಾಟಿದ ಮನುಷ್ಯ ರೈಲಿನ ಆಟಿಕೆಯನ್ನು ಮುಂದಿಟ್ಟುಕೊಂಡು ಕುಳಿತರೆ ನೋಡಿದವರು ನಗುವುದು ಸಹಜ. ನಮ್ಮ ಮನೆಯಲ್ಲೂ ನಕ್ಕರು. ಮೊಮ್ಮಗನಿಗೆಂದು ತಂದುದನ್ನು ಅಜ್ಜ ಕಸಿದುಕೊಂಡಿದ್ದಾನೆಂದು ನೆರೆಹೊರೆಯಲ್ಲಿ ಸುದ್ದಿಯೂ ಹಬ್ಬಿತು. ನಾನು ಎದುರಾಡಲಿಲ್ಲ. ಆಟದ ರೈಲಿಗೂ ನಾನು ಕೈಹಾಕಿದ್ದ ಕೆಲಸಕ್ಕೂ ಇರುವ ಅಂತರವನ್ನು ಬಾಯಿಮಾತಿನಿಂದ ಒಪ್ಪಿಸುವುದು ಕಷ್ಟ. ಆಟದ ರೈಲು ಯಾವ ಊರಿನಿಂದಲೂ ಹೊರಡುವುದಿಲ್ಲ, ಯಾವ ಊರನ್ನೂ ಸೇರುವುದಿಲ್ಲ; ಕೀಲಿ ಕೊಟ್ಟಷ್ಟು ಹೊತ್ತು ಸುತ್ತಿ ನಿಂತುಬಿಡುತ್ತದೆ. ನಾನು ಮಾಡಬೇಕೆಂದಿದ್ದುದು ಒಂದು ನಿಜವಾದ ಊರಿನ ನಿಜವಾದ ನಿಲ್ದಾಣವನ್ನು, ಅಳತೆ ತಪ್ಪದಂತೆ ಕಿರಿದು ಮಾಡಿ, ಹಲಗೆಯ ಮೇಲೆ ನಿಲ್ಲಿಸುವ ಕೆಲಸ. ಆ ಊರು ಅರಸಾಳು.

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಕುಂಸಿಯನ್ನು ಬಿಟ್ಟು ಕಾಡಿನೊಳಗೆ ಹೊಕ್ಕ ಮೇಲೆ ಸಿಗುವ ಸಣ್ಣ ನಿಲ್ದಾಣ ಅದು. ಹೊಸನಗರ ತಾಲ್ಲೂಕಿಗೆ ಸೇರಿದ ಊರು; ರಿಪ್ಪನ್‌ಪೇಟೆಯ ಕಡೆಯವರು ರೈಲು ಹತ್ತುವುದು ಅಲ್ಲಿ. ಮುಂದೆ ಆನಂದಪುರ, ಸಾಗರ, ಕೊನೆಗೆ ತಾಳಗುಪ್ಪ. ನಾನು ಎಳೆಯವನಾಗಿದ್ದಾಗ ತಂದೆಯವರ ಕೈಹಿಡಿದು ಆ ನಿಲ್ದಾಣದಲ್ಲಿ ಎಷ್ಟೋ ಸಲ ಗಾಡಿ ಕಾದಿದ್ದೇನೆ. ಆಗ ಅಲ್ಲಿದ್ದುದು ಒಂದು ಮೀಟರ್ ಅಗಲದ ಹಳಿ. ಇಂದು ಇರುವುದು ಬ್ರಾಡ್‌ಗೇಜ್. 2011ರ ಹೊತ್ತಿಗೆ ಅದು ತಾಳಗುಪ್ಪದವರೆಗೂ ಮುಟ್ಟಿತು. ಹಳಿ ಬದಲಾದುದರೊಡನೆ ಹಳೆಯ ಹೆಂಚಿನ ಕಟ್ಟಡಕ್ಕೆ ಕೆಲಸವಿಲ್ಲದಾಯಿತು.

ಆದರೆ ಓದುಗರಲ್ಲಿ ಹಲವರಿಗೆ ಅರಸಾಳು ಬೇರೊಂದು ಹೆಸರಿನಿಂದ ಪರಿಚಿತ. 1930ರಲ್ಲಿ ಆರ್. ಕೆ. ನಾರಾಯಣರ ಮನಸ್ಸಿಗೆ ಮಾಲ್ಗುಡಿ ಹೊಳೆದಾಗ ಮೊದಲು ಮೂಡಿ ನಿಂತುದು ಒಂದು ಪುಟ್ಟ ರೈಲು ನಿಲ್ದಾಣವೆಂಬುದನ್ನು ಅವರೇ ಬರೆದಿದ್ದಾರೆ. ಊರು ಆಮೇಲೆ ಬಂತು, ನಿಲ್ದಾಣ ಮೊದಲು ಬಂತು. 1980ರ ದಶಕದಲ್ಲಿ ಶಂಕರ್‌ನಾಗ್ ಆ ಕಥೆಗಳನ್ನು ದೂರದರ್ಶನಕ್ಕೆ ತಂದಾಗ ಮಾಲ್ಗುಡಿಯ ಬೀದಿಗಳಿಗೆ ಆಗುಂಬೆ ಒದಗಿತು, ನಿಲ್ದಾಣಕ್ಕೆ ಅರಸಾಳು ಒದಗಿತು. ಆ ಋಣವನ್ನು ನೆನೆದು 2020ರಲ್ಲಿ ರೈಲ್ವೆ ಇಲಾಖೆ ಹಳೆಯ ಕಟ್ಟಡವನ್ನು ದುರಸ್ತಿಮಾಡಿ ಮಾಲ್ಗುಡಿ ವಸ್ತುಸಂಗ್ರಹಾಲಯವೆಂದು ಹೆಸರಿಟ್ಟಿತು. ಕಥೆಯ ಊರೊಂದು ನಿಜದ ಕಟ್ಟಡವೊಂದನ್ನು ಬೀಳದಂತೆ ಹಿಡಿದು ನಿಲ್ಲಿಸಿದ ನಿದರ್ಶನ ನಮ್ಮ ನಾಡಿನಲ್ಲಿ ಅಪರೂಪ. ಈ ಉಪಕಾರವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಕೆಂದರೆ ಮುಂದೆ ನಾನು ಹೇಳಲಿರುವುದು ಆ ಉಪಕಾರದ ಜೊತೆಗೇ ಬಂದ ಒಂದು ಇಕ್ಕಟ್ಟಿನ ವಿಷಯ.

ನಿಜವಾದ ಸ್ಥಳವನ್ನು ಹೀಗೆ ಕಿರಿದಾಗಿಸುವ ಹುಚ್ಚು ನನ್ನೊಬ್ಬನದಲ್ಲ. ಆಸ್ಟ್ರೇಲಿಯಾದಿಂದ 1925ರಲ್ಲಿ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣ ಅಲ್ಲಿಯ ಒಂದು ಕಣಿವೆಯ ಹಳ್ಳಿಗಳಿಗೆ ಮನಸೋತ. ಹುಲ್ಲುಮಾಡಿನ ಆ ಹಳೆಯ ಮನೆಗಳು ಕಣ್ಣೆದುರಿಗೇ ಒಂದೊಂದಾಗಿ ರೂಪಗೆಡುತ್ತಿದ್ದವು. ತಡೆಯುವ ಶಕ್ತಿ ಅವನಿಗಿರಲಿಲ್ಲ. ರಟ್ಟು, ಬಣ್ಣ, ಕತ್ತಿಗಳನ್ನು ತೆಗೆದುಕೊಂಡು ಆ ಮನೆಗಳನ್ನೂ ಅವುಗಳ ನಡುವೆ ಓಡುತ್ತಿದ್ದ ರೈಲನ್ನೂ 76ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟತೊಡಗಿದ. 1954ರಲ್ಲಿ ಆಕ್ಸ್‌ಫರ್ಡ್ ಸೀಮೆಯ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಅದು ಪೆಂಡನ್ ಎಂಬ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಅವನು ಕಾಲವಾದ ಮೇಲೂ ಬೇರೆ ಕೈಗಳು ಆ ಕೆಲಸವನ್ನು ಮುಂದುವರಿಸಿವೆ. ಒಂದೊಂದು ಮನೆಗೆ ನೂರಾರು ಗಂಟೆಗಳ ದುಡಿಮೆ. ಗೋಡೆಯ ಇಟ್ಟಿಗೆಗಳಿಗೆ ಬಿಡಿಬಿಡಿಯಾಗಿ ಬಣ್ಣ. ಈ ಸಂಗತಿಯನ್ನು ಓದಿದಂದು ನನಗೆ ನಿದ್ದೆ ಬರಲಿಲ್ಲ. ಹಳೆಯದನ್ನು ಉಳಿಸಲಾರದವನು ಕಡೆಯ ಪಕ್ಷ ಅದು ಹೇಗಿತ್ತೆಂದು ಸರಿಯಾಗಿ ಹೇಳಬಹುದಲ್ಲ ಎನ್ನಿಸಿತು.

ಸರಿಯಾಗಿ ಹೇಳುವುದೆಂದರೆ ಮೊದಲು ಲೆಕ್ಕ. ನಾನು ಆರಿಸಿಕೊಂಡುದು 87ರಲ್ಲಿ ಒಂದು ಪಾಲಿನ ಅಳತೆ. ಮಾದರಿ ರೈಲಿನ ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದೇ. ಒಂದು ಮೀಟರ್ ಅಗಲದ ಹಳಿ ಈ ಅಳತೆಯಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಅತಿ ಸಮೀಪದ ಹಳಿ 12 ಮಿಲಿಮೀಟರ್ ಅಗಲದ್ದು. ಇದು ಸಿಗುವುದಕ್ಕೆ ಕಾರಣ ಸ್ವಿಟ್ಜರ್‌ಲೆಂಡಿನ ಬೆಟ್ಟಗಳಲ್ಲಿ ಇಂದಿಗೂ ಓಡುತ್ತಿರುವ ಮೀಟರ್‌ಗೇಜ್ ರೈಲುಗಳು. ಅವುಗಳ ಅಭಿಮಾನಿಗಳಿಗಾಗಿ ತಯಾರಾಗುವ ಹಳಿ ಅದು. ಹೀಗೆ ಸಹ್ಯಾದ್ರಿಯ ತಪ್ಪಲಿಗೆ ಆಲ್ಪ್ಸ್ ಪರ್ವತದ ಹಳಿ ಬಂದು ಮುಟ್ಟಿತು. ಇಂದಿನ ಅರಸಾಳನ್ನು ಮಾಡಹೊರಟಿದ್ದರೆ ಇಷ್ಟೂ ಅನುಕೂಲವಿರುತ್ತಿರಲಿಲ್ಲ. ನಮ್ಮ ಬ್ರಾಡ್‌ಗೇಜಿನ ಅಗಲ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ ಹತ್ತೊಂಬತ್ತು ಮಿಲಿಮೀಟರಿಗೂ ತುಸು ಹೆಚ್ಚು. ಅಂಗಡಿಯಲ್ಲಿ ಸಿಗುವುದು ಯೂರೋಪಿನ ಹಳಿಗೆ ಹೊಂದುವ ಹದಿನಾರೂವರೆ ಮಿಲಿಮೀಟರಿನದು. ನಮ್ಮ ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರೆ ಮದುವೆಗೆಂದು ತಮ್ಮನ ಪಾದರಕ್ಷೆ ತೊಟ್ಟುಬಂದ ಅಣ್ಣನಂತೆ ಕಾಣುತ್ತದೆ.

ಹಳಿಯ ಲೆಕ್ಕ ಮುಗಿದರೆ ದೂರದ ಲೆಕ್ಕ. ನಮ್ಮ ಮನೆಯ ನಡುಮನೆಯಲ್ಲಿ ನನಗೆ ದೊರೆತ ಜಾಗ ಹದಿನಾಲ್ಕು ಅಡಿ ಉದ್ದ, ಎರಡಡಿ ಅಗಲ. 87ರಿಂದ ಗುಣಿಸಿದರೆ ಇದು ಸುಮಾರು 370 ಮೀಟರ್. ಸಣ್ಣ ನಿಲ್ದಾಣವಾದರೂ ಅದರ ಒಂದು ತುದಿಯ ಸಿಗ್ನಲಿನಿಂದ ಇನ್ನೊಂದು ತುದಿಯ ಸಿಗ್ನಲಿಗೆ ಒಂದು ಕಿಲೋಮೀಟರಿಗೂ ಮಿಕ್ಕ ದೂರವಿರಬಹುದು. ಅದಕ್ಕೆ ಹನ್ನೊಂದೂವರೆ ಮೀಟರ್ ಜಾಗ ಬೇಕು. ನಮ್ಮ ಮನೆಯ ಗೋಡೆ ಒಡೆದು ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಸಿಗ್ನಲ್ ನೆಡಬೇಕಾಗುತ್ತಿತ್ತು. ಆದ್ದರಿಂದ ಎಷ್ಟೇ ಪ್ರಾಮಾಣಿಕನಾದರೂ ಮಾದರಿ ಕಟ್ಟುವವನು ಒಂದು ಸುಳ್ಳನ್ನು ಹೇಳಲೇಬೇಕು. ಕಟ್ಟಡ, ಗಾಡಿ, ಮನುಷ್ಯ ಇವುಗಳ ಅಳತೆಯನ್ನು ಬಿಡದೆ, ನಡುವಣ ಬರಿದಾದ ನೆಲವನ್ನಷ್ಟೇ ಕುಗ್ಗಿಸಬೇಕು. ಎಲ್ಲಿ ಕುಗ್ಗಿಸಿದರೆ ಊರಿನವನಿಗೆ ತಿಳಿಯದು, ಎಲ್ಲಿ ಕುಗ್ಗಿಸಿದರೆ ಊರೇ ಕೆಡುತ್ತದೆ ಎಂಬ ವಿವೇಚನೆಯಲ್ಲಿ ನನಗೆ ಮೂರು ತಿಂಗಳು ಕಳೆದುವು. ಕಥೆ ಬರೆಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರಬೇಕು.

ಕುಗ್ಗದ ವಸ್ತುಗಳೂ ಉಂಟು. ಕಾಲ ಕುಗ್ಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ನನ್ನ ಹಲಗೆಯ ಮೇಲೆ ಸೆಕೆಂಡಿಗೆ ಸುಮಾರು 13 ಸೆಂಟಿಮೀಟರ್ ಚಲಿಸಬೇಕು. ಹಾಗೆ ಚಲಿಸಿದರೆ ಹದಿನಾಲ್ಕು ಅಡಿಯೂ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ನಾವು ಒಂದೊಂದು ಸಲ ಎರಡು ಗಂಟೆ ಕಾದ ಗಾಡಿ ಅದು! ನೀರೂ ಕುಗ್ಗುವುದಿಲ್ಲ. ಮಲೆನಾಡಿನ ನಿಲ್ದಾಣವೆಂದ ಮೇಲೆ ಮಳೆಯಿರಬೇಕು. ಆದರೆ ನಿಜವಾದ ಒಂದು ಹನಿ ಬಿದ್ದರೆ ನನ್ನ ಪ್ರಯಾಣಿಕರ ತಲೆಯ ಮೇಲೆ ಕೊಡವೊಂದು ಮಗುಚಿದಂತಾಗುತ್ತದೆ. ಕೊನೆಗೆ ಮಳೆ ಆಗತಾನೆ ನಿಂತ ಒಂದು ಸಂಜೆಯನ್ನು ಆರಿಸಿಕೊಂಡೆ. ಹೆಂಚಿನ ಮೇಲೆ, ಜಲ್ಲಿಯ ಪಕ್ಕದ ಗುಂಡಿಗಳಲ್ಲಿ ವಾರ್ನಿಷಿನ ತೆಳು ಲೇಪ. ಮಡಿಸಿದ ಕೊಡೆ ಹಿಡಿದ ಒಬ್ಬ ಪ್ರಯಾಣಿಕ. ಅವನ ಎತ್ತರ 19 ಮಿಲಿಮೀಟರ್. ಕೊಡೆಯನ್ನು ಮಾಡಲು ಒಂದು ಗುಂಡುಸೂಜಿ ಸಾಕಾಯಿತು.

ಒಂದು ಸಂಜೆಯನ್ನು ಆರಿಸಿಕೊಂಡೆನೆಂದೆ. ಈ ಕೆಲಸದಲ್ಲಿ ಸ್ಥಳವನ್ನು ಆರಿಸುವುದಕ್ಕಿಂತ ದಿನವನ್ನು ಆರಿಸುವುದು ಕಷ್ಟ. ಅಳತೆಯ ಪಟ್ಟಿ ಹಿಡಿದು ನಾನು ಅರಸಾಳಿಗೆ ಹೋದಾಗ ಪಟ್ಟಿ ಹೇಳಿದ್ದು ಇಂದಿನ ಮಾತನ್ನು. ಗೋಡೆಯ ಉದ್ದ, ಬಾಗಿಲಿನ ಎತ್ತರ ಬದಲಾಗಿರಲಾರವು. ಬಣ್ಣ, ನೆಲ, ಸುತ್ತಣ ಗಿಡಮರಗಳು ಬದಲಾಗಿರಬಹುದು. ನನಗೆ ಬೇಕಾಗಿದ್ದುದು ಉಗಿ ಎಂಜಿನ್ನಿನ ಕೊನೆಗಾಲದ, ಮೀಟರ್‌ಗೇಜಿನ ಅರಸಾಳು. ಅದಕ್ಕೆ ಆಧಾರ ಹಳೆಯ ಛಾಯಾಚಿತ್ರ, ಆಧಾರವೇ ಅಲ್ಲದ ಆಧಾರ ನನ್ನ ನೆನಪು. ನನ್ನ ನೆನಪಿನ ಕಟ್ಟಡ ಅರಮನೆಯಷ್ಟು ದೊಡ್ಡದು. ಪಟ್ಟಿ ಹಿಡಿದು ಅಳೆದಾಗ ನನಗಾದ ಪೆಚ್ಚು ಅಷ್ಟಿಷ್ಟಲ್ಲ. ಮೂರಡಿ ಎತ್ತರದ ಹುಡುಗ ಕಂಡ ಕಟ್ಟಡವನ್ನು ಐದೂವರೆ ಅಡಿಯ ಮುದುಕ ಅಳೆದರೆ ಆಗುವುದೇ ಹೀಗೆ. ನೆನಪು ಕೂಡ ಒಂದು ಮಾದರಿಯೇ ಸರಿ; ಅದರ ಅಳತೆ ಮಾತ್ರ ಹಿಗ್ಗಿಸಿದ ಅಳತೆ. 87ರಿಂದ ಭಾಗಿಸುವುದಕ್ಕೆ ಮೊದಲು ನಾನು ನನ್ನ ಬಾಲ್ಯವನ್ನೊಮ್ಮೆ ಎರಡರಿಂದ ಭಾಗಿಸಬೇಕಾಯಿತು.

ಕಟ್ಟುವ ಕೆಲಸದ ವಿವರಗಳಿಂದ ಓದುಗರನ್ನು ಬಳಲಿಸುವುದಿಲ್ಲ. ಒಂದೆರಡನ್ನು ಹೇಳಿ ಮುಂದುವರಿಯುತ್ತೇನೆ. ಮಂಗಳೂರು ಹೆಂಚಿನ ಉದ್ದ ಸುಮಾರು 41 ಸೆಂಟಿಮೀಟರ್. ನನ್ನ ಅಳತೆಯಲ್ಲಿ ಅದು ಐದು ಮಿಲಿಮೀಟರಿಗೂ ಕಡಿಮೆ, ಒಂದು ಅಕ್ಕಿಕಾಳಿಗಿಂತ ಗಿಡ್ಡ. ದಪ್ಪ ಕಾಗದದ ಪಟ್ಟಿಗಳನ್ನು ಗೀರಿ, ಸಾಲು ಸಾಲಾಗಿ ಒಂದರ ಮೇಲೊಂದು ತುದಿ ಬರುವಂತೆ ಅಂಟಿಸಿದೆ. ಎಲ್ಲವನ್ನೂ ಒಂದೇ ಕೆಂಪಿನಲ್ಲಿ ಬಳಿದಾಗ ಮಾಡು ಹೊಸ ಅಂಗಡಿಯಂತೆ ಕಂಡಿತು. ಮಲೆನಾಡಿನ ಹೆಂಚು ಕೆಂಪಾಗಿರುವುದು ಮೊದಲ ಮಳೆಗಾಲದವರೆಗೆ ಮಾತ್ರ. ಆಮೇಲೆ ಕಪ್ಪು, ಪಾಚಿಯ ಹಸುರು, ನಡುನಡುವೆ ಬದಲಿಸಿದ ಹೊಸ ಹೆಂಚಿನ ಕೆಂಪು ಚುಕ್ಕಿ. ಮರಗಳ ಅಸ್ಥಿಪಂಜರಕ್ಕೆ ಅಡಿಕೆಯ ಒಣ ಹಿಂಗಾರಕ್ಕಿಂತ ಒಳ್ಳೆಯ ಸಾಮಗ್ರಿ ಯಾವ ದೇಶದ ಅಂಗಡಿಯಲ್ಲೂ ಸಿಗದೆಂದು ಧೈರ್ಯವಾಗಿ ಹೇಳಬಲ್ಲೆ. ಅದರ ಕವಲುಗಳು ಹುಟ್ಟಿನಿಂದಲೇ ಮರದ ಕವಲುಗಳಂತಿವೆ. ಮರದ ಹೊಟ್ಟಿಗೆ ಬಣ್ಣ ಹಾಕಿ ಎಲೆ ಮಾಡಿದೆ. ಊರಿನ ಕೆಂಪು ಮಣ್ಣನ್ನೇ ತಂದು, ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ನೆಲಕ್ಕೆ ಹರಡಿದೆ. ಆ ಮಣ್ಣೊಂದೇ ನನ್ನ ಅರಸಾಳಿನಲ್ಲಿ ಮಾದರಿಯಲ್ಲದ ವಸ್ತು.

ಎಂಜಿನ್ನು ಮಾತ್ರ ನನ್ನನ್ನು ಬಹಳ ಸತಾಯಿಸಿತು. ದೇಶದ ಮೀಟರ್‌ಗೇಜ್ ಹಳಿಗಳ ಮೇಲೆ ಪ್ರಯಾಣಿಕರ ಗಾಡಿಗಳನ್ನೆಳೆಯಲು ಸ್ವಾತಂತ್ರ್ಯ ಬಂದ ಮೇಲೆ ತಯಾರಾದ ವೈ.ಪಿ. ವರ್ಗದ ಎಂಜಿನ್ನುಗಳ ಸಂಖ್ಯೆ 871; ಕೊನೆಯದು ಸಿದ್ಧವಾದುದು 1970ರಲ್ಲಿ. ಅಂತಹ ಒಂದನ್ನು 87ರ ಅಳತೆಯಲ್ಲಿ ಮಾಡಬೇಕಾದರೆ ಬೇರೆ ದೇಶದ ಮಾದರಿಯ ಚಕ್ರ, ಮೋಟಾರುಗಳನ್ನು ಕೆಳಗಿಟ್ಟು, ಮೇಲಿನ ಒಡಲನ್ನು ಹಿತ್ತಾಳೆಯ ತಗಡಿನಿಂದ ನಾನೇ ರೂಪಿಸಬೇಕಾಯಿತು. ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಮೂರನೆಯದನ್ನು ಮೊಮ್ಮಗ ‘ಪರವಾಗಿಲ್ಲ ತಾತ’ ಎಂದ.

ಎರಡು ವರ್ಷಗಳಾದ ಮೇಲೆ ನನ್ನ ಅರಸಾಳು ಹೆಚ್ಚುಕಡಿಮೆ ಮುಗಿಯಿತು. ನೋಡಲು ಬಂದವರೆಲ್ಲ ಒಂದೇ ಮಾತನ್ನು ಆಡಿದರು: ‘ಓಹೋ, ಮಾಲ್ಗುಡಿ!’ ನನ್ನ ಇಕ್ಕಟ್ಟು ಇಲ್ಲಿಂದ ಪ್ರಾರಂಭ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಊರಿನ ಹೆಸರಿನ ಹಲಗೆಗೆಂದು ಎರಡು ಕಂಬಗಳನ್ನು ನೆಟ್ಟಿದ್ದೆ. ಹಲಗೆಯನ್ನು ಖಾಲಿ ಬಿಟ್ಟಿದ್ದೆ. ಮೊಮ್ಮಗನ ಪಕ್ಷ ಮಾಲ್ಗುಡಿಯ ಕಡೆಗೆ. ಸ್ನೇಹಿತರ ಪಕ್ಷವೂ ಅದೇ. ‘ಆ ಹೆಸರಿದ್ದರೆ ಜಗತ್ತಿಗೆಲ್ಲ ಅರ್ಥವಾಗುತ್ತದೆ, ಅರಸಾಳು ಎಂದರೆ ಯಾರಿಗೆ ಗೊತ್ತು?’ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆ ಹೆಸರಿನಿಂದಲೇ ಆ ಕಟ್ಟಡ ಉಳಿಯಿತಲ್ಲ! ಆದರೂ ನನ್ನ ಕೈ ಮುಂದುವರಿಯಲೊಲ್ಲದು.

ಅಷ್ಟರಲ್ಲಿ ಪರಿಚಿತರೊಬ್ಬರು ಒಬ್ಬ ವೃದ್ಧರನ್ನು ಕರೆತಂದರು. ಆ ಮಾರ್ಗದ ನಿಲ್ದಾಣಗಳಲ್ಲಿ ಪಾಯಿಂಟ್ಸ್‌ಮನ್ ಆಗಿ ದುಡಿದು ನಿವೃತ್ತರಾದವರು. ಹಳಿಯ ಪಾಯಿಂಟು ತಿರುಗಿಸುವುದು, ಗಾಡಿಗೆ ಬಾವುಟ ತೋರಿಸುವುದು, ಸಂಜೆ ಸಿಗ್ನಲಿನ ದೀಪ ಹಚ್ಚುವುದು ಅವರ ಕೆಲಸವಾಗಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಬಾಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ನೋಡುತ್ತ ಬಂದರು. ನಾನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ನಿಂತಿದ್ದೆ. ಹೆಂಚನ್ನು ನೋಡಿದರು, ಎಂಜಿನ್ನನ್ನು ನೋಡಿದರು; ಏನೂ ಹೇಳಲಿಲ್ಲ. ಸಿಗ್ನಲಿನ ಬಳಿಗೆ ಬಂದು ನಿಂತರು. ಅದು ಹಳೆಯ ಕೈಮರ; ನಾನು ಒಂದು ತಿಂಗಳು ಕಣ್ಣು ನೋಯಿಸಿಕೊಂಡು ಮಾಡಿದುದು.

‘ಮೇಷ್ಟ್ರೇ, ಇದಕ್ಕೆ ಹತ್ತುವುದು ಹೇಗೆ?’ ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

‘ಏಣಿ ಇಲ್ಲವಲ್ಲ ಮಾರಾಯ್ರೆ. ದೀಪ ಹಚ್ಚುವವನು ಎಲ್ಲಿಂದ ಹತ್ತಬೇಕು?’

ಏಣಿ ಛಾಯಾಚಿತ್ರದಲ್ಲಿ ಇತ್ತು. ಅಷ್ಟು ತೆಳುವಾದುದನ್ನು ಮಾಡುವುದು ತೊಡಕೆಂದು, ಯಾರು ಗಮನಿಸಿಯಾರು ಎಂದು, ನಾನೇ ಬಿಟ್ಟಿದ್ದೆ. ಅವರು ಗಮನಿಸಿದರು. ಗಮನಿಸದೆ ಇರುವುದಾದರೂ ಹೇಗೆ? ಮಳೆಯಲ್ಲಿ, ಗಾಳಿಯಲ್ಲಿ, ಒಂದು ಕೈಯಲ್ಲಿ ಸೀಮೆಎಣ್ಣೆಯ ದೀಪ ಹಿಡಿದು ಅವರು ದಿನವೂ ಹತ್ತಿದ ಏಣಿ ಅದು. ಆಮೇಲೆ ದೀಪ ಉರಿಸಿ ತೋರಿಸಿದೆ. ಪುಟ್ಟ ವಿದ್ಯುದ್ದೀಪದ ಮುಂದೆ ಹಸುರು ಹಾಳೆ ಇಟ್ಟಿದ್ದೆ. ಅವರು ತಲೆಯಾಡಿಸಿದರು. ‘ಹಸುರು ಗಾಜು ಇರಲಿಲ್ಲ. ಹಗಲಲ್ಲಿ ನೋಡಿದರೆ ಆ ಗಾಜು ನೀಲಿ. ಸೀಮೆಎಣ್ಣೆ ಜ್ವಾಲೆ ಹಳದಿಯಲ್ಲವೇ? ಹಳದಿಯ ಮುಂದೆ ನೀಲಿ ಬಂದರೆ ದೂರಕ್ಕೆ ಹಸುರು ಕಾಣುತ್ತದೆ’ ಎಂದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಪಾಠ ಯಾವ ಪುಸ್ತಕದಲ್ಲೂ ದೊರೆತಿರಲಿಲ್ಲ.

ಆ ಗಳಿಗೆಯಲ್ಲಿ ನನಗೊಂದು ಸಂಗತಿ ಮನದಟ್ಟಾಯಿತು. ಎರಡು ವರ್ಷ ನಾನು ಮಾಡಿದ್ದುದು ನಿಲ್ದಾಣ ಕಾಣುತ್ತಿದ್ದ ಬಗೆಯನ್ನು. ನಿಲ್ದಾಣ ನಡೆಯುತ್ತಿದ್ದ ಬಗೆಯನ್ನು ನಾನು ಕೇಳಿಯೇ ಇರಲಿಲ್ಲ. ಪ್ರಯಾಣಿಕನಿಗೆ ಸಿಗ್ನಲೆಂದರೆ ಬಣ್ಣ. ಅವರಿಗೆ ಅದು ಒಂದು ಏಣಿ, ಒಂದು ಬತ್ತಿ, ಒಂದು ಎಣ್ಣೆಯ ಡಬ್ಬಿ. ವಸ್ತುವಿನ ಅಳತೆಯನ್ನು ಎಷ್ಟು ಕರಾರುವಾಕ್ಕಾಗಿ ತೆಗೆದರೂ ಅದರ ಉಪಯೋಗ ತಿಳಿಯದವನು ಯಾವುದನ್ನು ಬಿಡಬಾರದೋ ಅದನ್ನೇ ಬಿಡುತ್ತಾನೆ. ಆ ದಿನ ಸಂಜೆಯವರೆಗೆ ಅವರನ್ನು ಕೂರಿಸಿಕೊಂಡು ಕೇಳಿದೆ; ಬರೆದುಕೊಂಡೆ. ಗಾಡಿ ಬರುವ ಸೂಚನೆಗೆ ಬಾರಿಸುತ್ತಿದ್ದ ಹಳಿಯ ತುಂಡು ಎಲ್ಲಿ ತೂಗುತ್ತಿತ್ತು, ಬೆಂಕಿಗೆಂದು ಮರಳು ತುಂಬಿದ ಕೆಂಪು ಬಕೆಟ್ಟುಗಳು ಎಲ್ಲಿದ್ದುವು, ಕುಡಿಯುವ ನೀರಿನ ಮಡಕೆ ಯಾವ ಮೂಲೆಯಲ್ಲಿತ್ತು. ಪಶ್ಚಿಮದ ಬಿಸಿಲು ಬೀಳದ ಮೂಲೆಯಲ್ಲಿ ಮಡಕೆ ಇಡುತ್ತಿದ್ದರಂತೆ. ನಾನು ಇಟ್ಟಿದ್ದುದು ಚಿತ್ರಕ್ಕೆ ಚೆನ್ನಾಗಿ ಕಾಣುವ ಮೂಲೆಯಲ್ಲಿ.

ಕೊನೆಗೆ ಖಾಲಿ ಹಲಗೆಯನ್ನು ತೋರಿಸಿ, ಏನು ಬರೆಯಲೆಂದು ಅವರನ್ನೇ ಕೇಳಿದೆ. ಒಳಗೊಳಗೆ ನನಗೊಂದು ನಿರೀಕ್ಷೆ ಇತ್ತು. ತಾವು ಬೆವರು ಸುರಿಸಿದ ಊರಿನ ಹೆಸರು ಕಥೆಯ ಊರಿನ ಹೆಸರಿನ ಕೆಳಗೆ ಮರೆಯಾಗುವುದನ್ನು ಕುರಿತು ಅವರು ನೊಂದು ನಾಲ್ಕು ಮಾತು ಆಡಬಹುದು, ಆ ನೋವನ್ನು ನಾನು ನನ್ನ ವಾದಕ್ಕೆ ಊರುಗೋಲು ಮಾಡಿಕೊಳ್ಳಬಹುದು ಎಂದು. ಅಂತಹದೇನೂ ಆಗಲಿಲ್ಲ. ಆ ಧಾರಾವಾಹಿಯನ್ನು ಮನೆಯವರೊಂದಿಗೆ ಕುಳಿತು ನೋಡಿ ಸಂತೋಷಪಟ್ಟವರು ಅವರು. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು:

‘ಬೋರ್ಡು ಊರಿನವರಿಗಲ್ಲ ಮೇಷ್ಟ್ರೇ, ಊರಿನವರು ಕತ್ತಲಲ್ಲೂ ಇಳಿಯುತ್ತಾರೆ. ಬೋರ್ಡು ಇರುವುದು ಹೊಸಬರಿಗೆ. ಗಾಡಿ ಎಲ್ಲಿ ನಿಂತಿದೆಯೋ ಆ ಹೆಸರು ಬರೆಯಬೇಕು. ಇಲ್ಲದಿದ್ದರೆ ಅವರು ತಪ್ಪಿ ಇಳಿಯುತ್ತಾರೆ.’

ರೈಲ್ವೆಯವರೊಬ್ಬರು ಆಡಬಹುದಾದ ಮಾತೇ ಅದು. ಇದರಲ್ಲಿ ಮುನಿಸೂ ಇಲ್ಲ, ಅಭಿಮಾನದ ಅಬ್ಬರವೂ ಇಲ್ಲ. ನಾರಾಯಣರ ಮಾಲ್ಗುಡಿಗೆ ಯಾರ ಅಳತೆಯ ಪಟ್ಟಿಯೂ ಬೇಕಾಗಿಲ್ಲ. ಅದು ಓದಿದವರ ಮನಸ್ಸಿನಲ್ಲಿ ಅವರವರ ಅಳತೆಗೆ ಕಟ್ಟಿಕೊಂಡಿದೆ. ಯಾವ ಹಳಿ ಬದಲಾದರೂ ಅದಕ್ಕೆ ಚ್ಯುತಿಯಿಲ್ಲ. ಅಳತೆ ಬೇಕಾದುದು ಅರಸಾಳಿಗೆ. ಬರೆದಿಡದಿದ್ದರೆ, ಕೇಳಿಡದಿದ್ದರೆ, ಆ ಏಣಿಯ ಮೆಟ್ಟಿಲುಗಳು ಅದನ್ನು ಹತ್ತಿದವರೊಂದಿಗೇ ಹೋಗಿಬಿಡುತ್ತವೆ.

ಮರುದಿನ ಸಿಗ್ನಲಿಗೆ ಏಣಿ ಮಾಡಿದೆ. ತಾಮ್ರದ ಎಳೆ, ಹದಿನಾರು ಮೆಟ್ಟಿಲು. ಹಸುರು ಹಾಳೆಯನ್ನು ತೆಗೆದು ನೀಲಿಯದನ್ನಿಟ್ಟು, ಹಳದಿ ಬೆಳಕಿನ ದೀಪ ಹಾಕಿದೆ. ನಡುಮನೆಯ ಕಿಟಕಿಗಳನ್ನು ಮುಚ್ಚಿ ದೂರದಿಂದ ನೋಡಿದಾಗ ಅವರು ಹೇಳಿದಂತೆ ಹಸುರೇ ಕಂಡಿತು. ಮಡಕೆಯನ್ನು ನೆರಳಿಗೆ ಸರಿಸಿದೆ. ಹಳದಿ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಊರಿನ ಹೆಸರನ್ನು ಬರೆಯುವಾಗ ಕೈ ನಡುಗಿತು. ಅಕ್ಷರದ ಎತ್ತರ ಮೂರೂವರೆ ಮಿಲಿಮೀಟರ್. ಮೊಮ್ಮಗ ಬೂದುಗಾಜು ಹಿಡಿದು ಅಕ್ಷರ ಕೂಡಿಸಿ ಓದಿದ. ‘ಅರಸಾಳು’ ಎಂದ. ಆಮೇಲೆ ‘ಇದು ಎಲ್ಲಿದೆ ತಾತ?’ ಎಂದು ಕೇಳಿದ.

ಮುಂದಿನ ರಜೆಯಲ್ಲಿ ಅವನನ್ನು ಕರೆದುಕೊಂಡು ಹೋಗಬೇಕು. ಶಿವಮೊಗ್ಗದಲ್ಲಿ ತಾಳಗುಪ್ಪದ ಗಾಡಿ ಹತ್ತಿ, ಕುಂಸಿ ದಾಟಿದ ಮೇಲೆ ಕಿಟಕಿಯ ಪಕ್ಕದಲ್ಲಿ ಕೂರಿಸಬೇಕು. ಬೋರ್ಡನ್ನು ಅವನೇ ಓದಲಿ.